ನೀಲಿ ರೇನ್‌ಕೋಟಿನ ವರ

ಹೆಣ್ಣು ನೋಡುವುದೆಂದರೆ ಗಂಡಿನ ಕಡೆಯವರು ಮನೆಗೆ ಬರಬೇಕು, ಜಮಖಾನೆಯ ಮೇಲೆ ಕುಳಿತು ಅವಲಕ್ಕಿ ತಿನ್ನಬೇಕು, ಹುಡುಗಿ ಸೆರಗು ಸರಿಪಡಿಸಿಕೊಳ್ಳುತ್ತ ಚಹಾ ತಂದಿಡಬೇಕು. ದ್ರೌಪದಿಗೆ ಗೊತ್ತಿದ್ದ ರೀತಿ ಅದೊಂದೇ. ಹಾಗಾಗಿ ಆಗಸ್ಟ್ ತಿಂಗಳ ಒಂದು ಸಂಜೆ ಅವಳ ಅಣ್ಣ ಶಾಂತಲಿಂಗಪ್ಪ ಚಪಳಗಾಂವದಿಂದ ಹೋಟಗಿಗೆ ಫೋನ್ ಮಾಡಿ, ತನ್ನ ಮಗಳು ಶೀತಲಳನ್ನು ನೋಡಲು ಅಕ್ಕಲಕೋಟೆಯ ವರ ಕಾಡಿಗೆ ಕರೆಯುತ್ತಿದ್ದಾನೆ ಎಂದಾಗ ಅವಳಿಗೆ ತಲೆಬುಡ ತಿಳಿಯಲಿಲ್ಲ.

"ಎಲ್ಲಿಗೆ?"

"ದಬದಬಿಗೆ. ನೀರು ಮ್ಯಾಲಿಂದ ಬೀಳ್ತಾವಲ್ಲ, ಅಲ್ಲಿಗೆ. ತುಳಜಾಪುರದ ಆಚಿ ಬಾಲಾಘಾಟದ ಗುಡ್ಡದಾಗ ಅದ ಅಂತ. ಸೊಲ್ಲಾಪುರದ ಯಾವುದೋ ಟ್ರೆಕ್ಕಿಂಗ್ ಮಂಡಳ, ನಲವತ್ತು ಮಂದಿ ಬಸ್ ಮಾಡಿ ಹೋಗ್ತಾರ. ಹುಡುಗ ಅದರಾಗ ಮೆಂಬರ್. ಹುಡುಗಿನೂ ಬರಲಿ, ನಡಕೋತ ಮಾತಾಡೂಣು ಅಂದಾನ."

"ನಡಕೋತ ಯಾಕ? ಕುಂತ ಮಾತಾಡಿದ್ರ ಆಗೂದಿಲ್ಲೇನು?"

"ನನಗೇನ್ ಗೊತ್ತು! ಈಗಿನ ಹುಡುಗರು ಹಿಂಗ ಅದಾರ ಅಂತಾನ ಗುರುಸಿದ್ಧ."

ಗುರುಸಿದ್ಧ ಈ ಸೋಯರಿಕೆ ತಂದ ಮಧ್ಯಸ್ಥ. ಹುಡುಗನ ಹೆಸರು ಕಾಂತೇಶ, ಬ್ಯಾಂಕಿನಲ್ಲಿ ನೌಕರಿ, ಇಪ್ಪತ್ತೆರಡು ಎಕರೆ ಹೊಲ, ತಂದೆ ತಾಯಿ ಗಟ್ಟಿ, ಒಬ್ಬನೇ ತಮ್ಮ ಎಂದು ಅವನು ಎಲ್ಲವನ್ನೂ ಬಾಯಿಪಾಠ ಒಪ್ಪಿಸಿದ್ದ. ಶೀತಲ ಸೊಲ್ಲಾಪುರದ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತ ಹಾಸ್ಟೆಲಿನಲ್ಲಿದ್ದಳು. ಹೋಗುತ್ತೇನೆ ಎಂದು ಅವಳೇನೋ ಅಂದುಬಿಟ್ಟಳು. ಆದರೆ ಒಬ್ಬಳನ್ನೇ ಕಳಿಸುವುದು ಹೇಗೆ? ಅವಳ ಅವ್ವನಿಗೆ ಮೊಣಕಾಲು ಬೇನೆ. ಕೊನೆಗೆ ಸೋದರತ್ತೆ ದ್ರೌಪದಿ ಜೊತೆಗೆ ಹೋಗಿ ಹುಡುಗನನ್ನು ಕಣ್ಣಾರೆ ನೋಡಿ ಬರಬೇಕು, ಅವಳು ಹೂಂ ಅಂದರೆ ಮುಂದಿನ ಮಾತು ಎಂದು ನಿಶ್ಚಯವಾಯಿತು.

ದ್ರೌಪದಿಗೆ ಐವತ್ತೆರಡು. ಅವಳ ಗಂಡ ಸಿದ್ಧರಾಮ ಹೋಟಗಿ ಸ್ಟೇಷನ್ನಿನಲ್ಲಿ ಪಾಯಿಂಟ್ಸ್‌ಮನ್. ಅವನ ಕ್ಯಾನ್ವಾಸ್ ಬೂಟಿನ ಮೂತಿಗೆ ಹಳೆಯ ಅರಿವೆ ತುರುಕಿ, ಇಳಕಲ್ ಸೀರೆಯನ್ನು ಒಂದು ಗೇಣು ಮೇಲಕ್ಕೆತ್ತಿ ಉಟ್ಟು, ಕಟಕ ರೊಟ್ಟಿ ಮತ್ತು ಶೇಂಗಾ ಚಟ್ನಿ ಕಟ್ಟಿಕೊಂಡು ಅವಳು ಭಾನುವಾರ ಬೆಳಗಿನ ಐದಕ್ಕೆ ಸೊಲ್ಲಾಪುರದ ಸಾತ್ ರಸ್ತಾದಲ್ಲಿ ಬಸ್ಸು ಹತ್ತಿದಳು. ಹೆಂಗಸರು ಮುಂದಿನ ಸೀಟುಗಳಲ್ಲಿ, ಗಂಡಸರು ಹಿಂದೆ.

"ಯಾರವ್ವಾ ಅವರು?" ಎಂದು ಅವಳು ಶೀತಲಳ ಕಿವಿಯಲ್ಲಿ ಕೇಳಿದಳು.

"ಹೊಳ್ಳಿ ನೋಡಬ್ಯಾಡ ಅತ್ತಿ! ಇಳಿದ ಮ್ಯಾಲ ತೋರಸ್ತೀನಿ."

ಶೀತಲ ಫೋನಿನಲ್ಲಿ ಫೋಟೋ ತೋರಿಸಿದ್ದಳು. ಅದರಲ್ಲಿ ಕಂಡದ್ದು ಒಂದು ಗಡ್ಡ ಮತ್ತು ಒಂದು ನಗು. ಈ ಬಸ್ಸಿನಲ್ಲಿ ಹತ್ತು ಹನ್ನೆರಡು ಗಡ್ಡಗಳಿದ್ದವು.

ಗುಡ್ಡದ ಬುಡದ ಹಳ್ಳಿಯಲ್ಲಿ ಇಳಿಯುವಾಗ ಜಿಟಿಜಿಟಿ ಮಳೆ. ದ್ರೌಪದಿಯ ಚಷ್ಮಾ ಮಂಜಾಯಿತು. ಸೆರಗಿನಿಂದ ಒರೆಸಿದಷ್ಟೂ ಇನ್ನಷ್ಟು ಮಂಜಾಗತೊಡಗಿದ್ದರಿಂದ ಅದನ್ನು ತೆಗೆದು ಚೀಲಕ್ಕೆ ಹಾಕಿಕೊಂಡಳು. ಮಂಡಳದ ಹಿರಿಯ ಸಾಯಬಣ್ಣ ಸೀಟಿ ಊದಿ ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ಕೂಗುತ್ತಿದ್ದ. "ಪುಢಚ್ಯಾಲಾ ಸೋಡೂ ನಕಾ! ಮುಂದಿನವ್ರ ಬೆನ್ನು ಕಾಣಬೇಕ್ರಿ! ನಾಲ್ಕು ಕಿಲೋಮೀಟರ್ ಅದ, ಓಡಬ್ಯಾಡ್ರಿ!" ಆ ಗದ್ದಲದಲ್ಲೇ ಶೀತಲ ಅತ್ತೆಯ ಮೊಣಕೈ ಚಿವುಟಿದಳು.

"ಅತ್ತಿ, ಅಲ್ಲಿ. ನೀಲಿ ರೇನ್‌ಕೋಟ್ ಹಾಕ್ಯಾರಲ್ಲ, ಅವ್ರು."

ದ್ರೌಪದಿ ಕಣ್ಣು ಕಿರಿದು ಮಾಡಿ ನೋಡಿದಳು. ಮಳೆಯ ಆಚೆ ಒಂದು ನೀಲಿ ಬಣ್ಣ ಆ ಕಡೆಯಿಂದ ಈ ಕಡೆಗೆ ಓಡಾಡುತ್ತಿತ್ತು. ಅಷ್ಟರಲ್ಲಿ ಸಾಲು ಹೊರಟಿತು. ಹುಡುಗಿಯರ ಗುಂಪೊಂದು ಶೀತಲಳನ್ನು ಎಳೆದುಕೊಂಡು ಮುಂದೆ ಹೋಯಿತು.

ಮೊದಲ ಅರ್ಧ ತಾಸು ದ್ರೌಪದಿ ಹೇಗೋ ಸಾಲಿನಲ್ಲಿದ್ದಳು. ಹೊಲದ ಬದುಗಳು ಮುಗಿದು ಕಾಡು ಶುರುವಾದ ಮೇಲೆ ದಾರಿ ಕಲ್ಲು ಕಲ್ಲಾಯಿತು. ಎರಡೂ ಕಡೆಗೆ ಸಾಗವಾನಿ, ಮುತ್ತುಗ, ಸೀತಾಫಲದ ಗಿಡಗಳು ಒತ್ತಾಗಿ ಬೆಳೆದು ಎಲೆಗಳ ನೀರೆಲ್ಲ ಅವಳ ತಲೆಯ ಮೇಲೆ ಸುರಿಯುತ್ತಿತ್ತು. ಒಬ್ಬೊಬ್ಬರಾಗಿ ಅವಳನ್ನು ದಾಟಿಹೋದರು. ಸೀಟಿಯ ಸದ್ದು ದೂರ ದೂರವಾಯಿತು. ಒಂದು ಬಂಡೆ ಹಿಡಿದು ನಿಂತು, ಗುಡ್ಡ ಹತ್ತಲಾರದ ಹೆಣ್ಣಿಗೆ ಈ ಉಸಾಬರಿ ಯಾರು ಹೇಳಿದ್ದರು ಎಂದು ತನ್ನನ್ನು ತಾನೇ ಬೈದುಕೊಳ್ಳುವಾಗ ಹಿಂದಿನಿಂದ ದನಿ ಕೇಳಿತು.

"ಸಾವಕಾಶ ಬರ್ರಿ ಮಾವಶಿ. ಗಡಬಡಿ ಏನಿಲ್ಲ."

ಹೊರಳಿ ನೋಡಿದರೆ ನೀಲಿ ರೇನ್‌ಕೋಟ್! ದ್ರೌಪದಿ ಒದ್ದೆ ಸೆರಗನ್ನೇ ತಲೆಯ ಮೇಲೆ ಎಳೆದುಕೊಂಡಳು. ತಾನು ನೋಡಲು ಬಂದ ಹುಡುಗಿ ಮುಂದೆ ಹೋಗುತ್ತಿದ್ದರೆ ಇವನು ಹುಡುಗಿಯ ಅತ್ತೆಗಾಗಿ ಹಿಂದೆ ನಿಂತಿದ್ದಾನೆ!

"ನೀವು ಮುಂದ ಹೋಗ್ರಿ. ನನ್ನ ಸಂಬಂಧ ಯಾಕ ನಿಂತ್ರಿ?"

"ನಿಮ್ಮ ಸಂಬಂಧಾನ ನಿಂತೀನ್ರಿ. ನೀವು ಎಷ್ಟೊತ್ತಿಗೆ ಮುಟ್ತೀರೋ ನಾನೂ ಅಷ್ಟೊತ್ತಿಗೆ ಮುಟ್ತೀನಿ. ಮತ್ತ ನನಗ ನೀವು, ರಿ ಅನಬ್ಯಾಡ್ರಿ ಮಾವಶಿ. ನಿಮ್ಮ ಮಗನ ವಾರಗಿ ಅದೀನಿ."

"ಹಂಗ ಅಂದ್ರ ನಡೀತದೇನು? ಈಗಿಂದಾನ ರೂಢಿ ಆಗಬೇಕಲ್ಲ."

ಹುಡುಗ ಅರ್ಥವಾಗದೆ ನಕ್ಕ. ನಾಚಿಕೆ ಸ್ವಭಾವ ಎಂದುಕೊಂಡಳು ದ್ರೌಪದಿ. ಅತ್ತಿ ಅನ್ನಬೇಕಾದವನು ಚಿಕ್ಕಮ್ಮನಿಗೆ ಅಂದಂತೆ ಮಾವಶಿ ಅನ್ನುವುದೂ ನಾಚಿಕೆಗೇ ಇರಬೇಕು.

ಅವನು ಅವಳ ಮುಂದೆ ಎರಡು ಹೆಜ್ಜೆ ಹೋಗಿ, ಯಾವ ಕಲ್ಲು ಅಲುಗುತ್ತದೆ ಎಂದು ಬೂಟಿನಿಂದ ಒತ್ತಿ ನೋಡಿ, ಆಮೇಲೆ ಅವಳನ್ನು ಕರೆಯುತ್ತಿದ್ದ. "ನಿಮ್ಮ ಕಾಲು ನೋಡಬ್ಯಾಡ್ರಿ, ಮುಂದಿನ ಕಲ್ಲು ನೋಡ್ರಿ" ಎನ್ನುತ್ತಿದ್ದ. ದಣಿವು ಸ್ವಲ್ಪ ಇಳಿದ ಮೇಲೆ ದ್ರೌಪದಿಗೆ ತಾನು ಬಂದ ಕೆಲಸ ನೆನಪಾಯಿತು.

"ನೀವು ಬ್ಯಾಂಕಿನ್ಯಾಗ ಅಲ್ಲೇನು?"

"ಹೌದ್ರಿ. ನಿಮಗ ಯಾರ್ ಹೇಳಿದ್ರು?"

"ಎಲ್ಲಾ ಹೇಳ್ಯಾರ. ಏನ್ ಕೆಲಸ ಅಲ್ಲಿ ನಿಮ್ಮದು?"

"ರಕ್ತ ತಗೊಳ್ಳೂದ್ರಿ."

ದ್ರೌಪದಿ ನಕ್ಕುಬಿಟ್ಟಳು. "ಬ್ಯಾಂಕಿನವ್ರು ಎಲ್ಲಾರೂ ಅದನ್ನ ಮಾಡೂದಲ್ಲೇನು!" ಹುಡುಗನೂ ನಕ್ಕ. ತಮಾಷೆ ಬಲ್ಲವನು ಎಂದು ಅವಳು ಮನಸ್ಸಿನಲ್ಲಿ ಒಂದು ಗುರುತು ಹಾಕಿಕೊಂಡಳು.

"ಅಪ್ಪಾರು ಆರಾಮ ಅದಾರೇನು?"

ಅವನು ಮುಂದಿನ ಕಲ್ಲನ್ನು ಬೂಟಿನಿಂದ ಒತ್ತಿ ನೋಡಿದ. "ಅಪ್ಪ ತೀರಿ ಹನ್ನೊಂದು ವರ್ಷ ಆತ್ರಿ. ನಾ ಹತ್ತನೇತ್ತಾದಾಗ ಇದ್ನಿ."

ದ್ರೌಪದಿ ನಿಂತೇಬಿಟ್ಟಳು. ಗುರುಸಿದ್ಧ ತಂದೆ ಗಟ್ಟಿ ಎಂದಿದ್ದ.

"ಮತ್ತ ಹೊಲಾ ಮನಿ ಯಾರ್ ನೋಡ್ಕೋತಾರ?"

"ಎಲ್ಲೀ ಹೊಲಾ ಮಾವಶಿ? ಊರಾಗ ಎರಡು ಖೋಲಿ ಮನಿ ಅದ, ಕೀಲಿ ಹಾಕೇವಿ. ಅವ್ವ ಸೊಲ್ಲಾಪುರದಾಗ ಬೀಡಿ ಕಟ್ಟತಿದ್ಳು. ಈಗ ನಾನ ಬಿಡಸೀನಿ, ಕಣ್ಣು ಕಾಣೂದಿಲ್ಲ. ಅಕ್ಕಂದು ಲಗ್ನ ಆಗೇದ."

ಹೊಲವಿಲ್ಲ. ತಂದೆಯಿಲ್ಲ. ತಮ್ಮ ಇರಬೇಕಾದಲ್ಲಿ ಅಕ್ಕ. ತಾಯಿ ಬೀಡಿ ಕಟ್ಟುತ್ತಿದ್ದಳು. ದ್ರೌಪದಿಗೆ ಮೊದಲು ಗುರುಸಿದ್ಧನ ಮೇಲೆ ಸಿಟ್ಟು ಬಂತು, ಆಮೇಲೆ ಈ ಹುಡುಗನ ಮೇಲೆ ವಿಚಿತ್ರವಾದ ಅಕ್ಕರೆ ಹುಟ್ಟಿತು. ಎಲ್ಲರೂ ಇದ್ದದ್ದನ್ನು ಹೆಚ್ಚು ಮಾಡಿ ಹೇಳುವ ಹೊತ್ತಿನಲ್ಲಿ ಇವನು ಒಂದನ್ನೂ ಮುಚ್ಚಿಡಲಿಲ್ಲ. ಆದರೆ ಅಣ್ಣ ಖುದ್ದಾಗಿ ಅಕ್ಕಲಕೋಟೆಗೆ ಹೋಗಿ ಹೊಲ ನೋಡಿ ಬಂದಿದ್ದನಲ್ಲ? ಹಾಗಾದರೆ ಅವನು ನೋಡಿದ್ದು ಯಾರ ಹೊಲ?

ಹಳ್ಳವೊಂದು ಅಡ್ಡ ಬಂತು. ಮೊಣಕಾಲುಮಟ್ಟದ ಕೆಂಪು ನೀರು, ಸೆಳವು ಜೋರು. ಹುಡುಗ ಮೊದಲು ಇಳಿದು ಕೈ ಚಾಚಿದ. ಗಂಡ, ಮಗ ಬಿಟ್ಟು ಇನ್ನೊಬ್ಬ ಗಂಡಸಿನ ಕೈ ಹಿಡಿಯದ ದ್ರೌಪದಿ ಒಂದು ಗಳಿಗೆ ತಡೆದು, ಅಳಿಯ ಆಗುವವನು ಮಗನಲ್ಲವೇ ಎಂದುಕೊಂಡು ಹಿಡಿದಳು. ಆ ಕೈ ನಡುನೀರಿನಲ್ಲಿ ಒಮ್ಮೆಯೂ ಸಡಿಲವಾಗಲಿಲ್ಲ. ಆಚೆ ದಡದ ಬಂಡೆಯ ಮೇಲೆ ಕುಳಿತು ಅವಳು ರೊಟ್ಟಿ ಬಿಚ್ಚಿದಳು. ಒಂದನ್ನು ಮುರಿದು ಅರ್ಧ ಅವನಿಗೆ ಕೊಟ್ಟು ಅರ್ಧ ತಾನು ತಿಂದಳು. ಅವನ ಬಾಟಲಿಯ ಲಿಂಬು ಪಾನಕ ಕುಡಿದಳು.

"ನಮ್ಮ ಶೀತಲ ಹ್ಯಾಂಗ ಅನಸ್ತಾಳ ನಿಮಗ?" ಎಂದು ಕೊನೆಗೂ ಕೇಳಿದಳು.

"ಯಾರ್ರಿ, ಹಳದಿ ಟೊಪಗಿಯವ್ರಾ? ಭಾರಿ ನಡೀತಾರ. ಮೊದಲನೇ ಸಲ ಬಂದಾರ ಅನಸೂದಽ ಇಲ್ಲ."

ಹೆಂಡತಿ ಆಗುವವಳ ಬಗ್ಗೆ ಕೇಳಿದರೆ ಚೆನ್ನಾಗಿ ನಡೆಯುತ್ತಾಳೆ ಅನ್ನುವವನನ್ನು ಏನೆಂದು ತಿಳಿಯಬೇಕು? ಮೆಚ್ಚುಗೆಯೇ ಇರಬೇಕು. ಈ ಮಂಡಳದವರು ಮೆಚ್ಚುವುದೇ ನಡಿಗೆಯಿಂದ ಇರಬಹುದು.

ದಿಬ್ಬದ ನೆತ್ತಿ ಮುಟ್ಟಿದಾಗ ಚೀಲದಲ್ಲಿ ಫೋನು ಟಿಣ್ ಎಂದಿತು. ಅಣ್ಣನ ನಾಲ್ಕು ಮಿಸ್ ಕಾಲ್. ಹುಡುಗ ಬೂಟಿನ ಲೇಸು ಕಟ್ಟಿಕೊಳ್ಳುತ್ತಿರುವುದು ನೋಡಿ ಅವಳು ಸ್ವಲ್ಪ ದೂರ ಹೋಗಿ ಫೋನ್ ಹಚ್ಚಿದಳು.

"ಅಣ್ಣಾ, ಹುಡುಗ ಬಂಗಾರ ಅದಾನ."

"ಹೌದಾ! ಭಾಳ ಛಲೋ ಆತು."

"ಆದ್ರ ಆ ಗುರುಸಿದ್ಧ ಬರೇ ಸುಳ್ಳ ಹೇಳ್ಯಾನ. ಹೊಲಾ ಇಲ್ಲ. ಅಪ್ಪಾನೂ ಇಲ್ಲ, ತೀರಿ ಹನ್ನೊಂದು ವರ್ಷ ಆತಂತ."

"ಯಾರ ಅಪ್ಪ?"

"ಹುಡುಗನ ಅಪ್ಪ!"

"ದುರಪದಿ, ಏನ್ ಮಾತಾಡಾಕತ್ತಿ? ಆ ಮನಷ್ಯಾ ನಿನ್ನಿ ಸಂಜೀಕ ನನ್ನ ಸಂಗಾಟ ಕುಂತು ಚಹಾ ಕುಡದು ಹೋಗ್ಯಾನ!"

"ಮತ್ತ ಈ ಹುಡುಗ..." ಎನ್ನುವಷ್ಟರಲ್ಲಿ ಲೈನು ಕಡಿದುಹೋಯಿತು. ಎತ್ತರಕ್ಕೆ ಹಿಡಿದಳು, ಕಿವಿಗೆ ಒತ್ತಿದಳು, ಏನೂ ಇಲ್ಲ. ದತ್ತಕ ಹೋದ ಹುಡುಗನೇ? ಅಥವಾ ಚಹಾ ಕುಡಿದವನು ಚಿಕ್ಕಪ್ಪನೇ? ಬದುಕಿರುವ ತಂದೆಯನ್ನು ಸತ್ತನೆಂದು ಹೇಳುವಷ್ಟು ಏನು ಜಗಳ ಈ ಮನೆಯಲ್ಲಿ? ಒಂದೊಂದೂ ಇನ್ನೊಂದಕ್ಕಿಂತ ಕೆಟ್ಟದಾಗಿ ತೋರಿತು. ಹುಡುಗನನ್ನೇ ಕೇಳಬೇಕೆಂದು ಬಾಯಿ ತೆರೆದಳು, ಆದರೆ ಅವನು ಕೈ ಮುಂದೆ ಮಾಡಿ, "ಕೇಳಸ್ತೇನ್ರಿ?" ಎಂದ.

ಕೇಳಿಸಿತು. ಮೊದಲು ಯಾವುದೋ ಗೂಡ್ಸ್ ಗಾಡಿ ಹೋದಂತೆ. ಆದರೆ ಗಾಡಿಯ ಸದ್ದು ಬಂದು ಹೋಗುತ್ತದೆ. ಇದು ಬಂದೇ ಇತ್ತು.

ಇಳಿಜಾರು ಇಳಿದು ಗಿಡಗಳ ಸಂದಿಯಿಂದ ಹೊರಬಂದರೆ ದಬದಬಿ ಎದುರಿಗೇ ಇತ್ತು. ಕರಿಯ ಕಲ್ಲಿನ ಗೋಡೆ ಅರ್ಧ ಬಾವಿಯಂತೆ ಬಾಗಿ ನಿಂತಿತ್ತು. ಅದರ ತುದಿಯಿಂದ ನೀರು ನಾಲ್ಕು ಮನೆ ಎತ್ತರದಿಂದ ಒಂದೇ ಸಮ ಬೀಳುತ್ತಿತ್ತು. ತುಂತುರು ಹೊಗೆಯಂತೆ ಎದ್ದು ಮುಖಕ್ಕೆ ಬಡಿಯುತ್ತಿತ್ತು. ಹುಟ್ಟಿದಾಗಿನಿಂದ ಬಾವಿಯ, ಬೋರಿನ, ನಳದ ನೀರು ನೋಡಿದವಳು ಅವಳು. ಇಷ್ಟು ನೀರು, ಯಾರಿಗೂ ಬೇಡವಾಗಿ, ಕೊಡ ಹಿಡಿದು ಕಾಯುವವರಿಲ್ಲದೆ ಬೀಳುತ್ತಿರುವುದನ್ನು ಕಂಡು ಬಂದ ಕೆಲಸವನ್ನೇ ಮರೆತು ನಿಂತಳು.

ಶೀತಲ ಬಂಡೆಯಿಂದ ಬಂಡೆಗೆ ಜಿಗಿಯುತ್ತ ಬಂದಳು. ಅವಳ ಹಿಂದೆ ಇನ್ನೊಂದು ನೀಲಿ ರೇನ್‌ಕೋಟ್.

ಶೀತಲ ಏನೋ ಕೂಗಿದಳು. ನೀರಿನ ಅಬ್ಬರಕ್ಕೆ ಒಂದಕ್ಷರವೂ ಕೇಳಿಸಲಿಲ್ಲ.

"ಏನ?"

"ಇವ್ರು ಕಾಂತೇಶ! ಅತ್ತೀ, ಕಾಂತೇಶ ಇವ್ರು!"

ದ್ರೌಪದಿ ಚೀಲದಿಂದ ಚಷ್ಮಾ ತೆಗೆದು ಹಾಕಿಕೊಂಡಳು. ಫೋಟೋದ ಗಡ್ಡ, ಫೋಟೋದ ನಗು. ಆ ಹುಡುಗ ಬಗ್ಗಿ ಅವಳ ಒದ್ದೆ ಬೂಟಿಗೆ ಕೈ ಮುಟ್ಟಿಸಿ, "ನಮಸ್ಕಾರ್ರಿ ಅತ್ತಿ" ಎಂದ. ಅವಳು ಹೊರಳಿ ತನ್ನ ಹಿಂದೆ ನಿಂತವನನ್ನು ನೋಡಿದಳು. ಚಷ್ಮಾದಲ್ಲಿ ಅವನು ಬೇರೆಯೇ ಆಗಿದ್ದ. ಗಡ್ಡ ತೆಳು, ಹುಬ್ಬಿನ ಮೇಲೆ ಹಳೆಯ ಗಾಯ.

"ಮತ್ತ ನೀವ್ ಯಾರು?"

ಅವಳು ಎಷ್ಟು ಗಾಬರಿಯಿಂದ ಕೇಳಿದಳೆಂದರೆ ಶೀತಲ ಅವಳ ಭುಜ ಹಿಡಿದು ನೀರಿನಿಂದ ದೂರ, ಮಾತು ಕೇಳಿಸುವ ಕಡೆಗೆ ಕರೆದುಕೊಂಡು ಹೋದಳು. ಅಲ್ಲಿ ಎಲ್ಲವೂ ಬಯಲಾಯಿತು. ಅವನ ಹೆಸರು ಶುಭಮ. ಬ್ಲಡ್ ಬ್ಯಾಂಕಿನಲ್ಲಿ ಟೆಕ್ನಿಷಿಯನ್, ನಿಜವಾಗಿಯೂ ರಕ್ತ ತೆಗೆದುಕೊಳ್ಳುವವನು. ಸಾಲಿನ ಕಟ್ಟಕಡೆಗೆ ಒಬ್ಬರು ನಡೆಯಲೇಬೇಕು, ಯಾರೂ ಹಿಂದೆ ಉಳಿಯದಂತೆ. ಮಂಡಳದಲ್ಲಿ ಆ ಕೆಲಸ ಎರಡು ವರ್ಷದಿಂದ ಶುಭಮನದೇ ಎಂದು ಸಾಯಬಣ್ಣ ವಿವರಿಸಿದ.

"ಅಯ್ಯ, ಅತ್ತಿ ಇವ್ರನ್ನಽ ವರ ಅಂತ ತಿಳದಾಳ!" ಎಂದು ಶೀತಲ ಹೊಟ್ಟೆ ಹಿಡಿದುಕೊಂಡು ನಕ್ಕಳು. ಸುತ್ತ ಇದ್ದವರೆಲ್ಲ ನಕ್ಕರು. ಕಾಂತೇಶನೂ ನಕ್ಕ. ಶುಭಮ ಕಿವಿಯವರೆಗೆ ಕೆಂಪಾಗಿ ಎಲ್ಲರಿಗಿಂತ ಜೋರಾಗಿ ನಕ್ಕ. ಅಷ್ಟರಲ್ಲಿ ಆಚೆ ಬಂಡೆಯಿಂದ ಯಾರೋ, "ಬನಸೋಡೆ! ಹಗ್ಗ ತಾರೋ!" ಎಂದು ಕೂಗಿದರು. ಅವನು "ಬಂದ್ನಿ" ಎಂದ.

ಬನಸೋಡೆ. ಹೋಟಗಿಯಲ್ಲಿ ಸ್ಟೇಷನ್ನಿನ ಹಿಂದೆ, ಬುದ್ಧವಿಹಾರದ ದಲಿತ ಓಣಿಯಲ್ಲಿ ಆ ಅಡ್ಡಹೆಸರಿನ ಎರಡು ಮನೆಗಳಿದ್ದವು. ಮೂವತ್ತು ವರ್ಷದಲ್ಲಿ ದ್ರೌಪದಿ ಆ ಓಣಿಯ ಯಾರ ಮನೆಯಲ್ಲೂ ಒಂದು ಲೋಟ ನೀರು ಕುಡಿದವಳಲ್ಲ. ಯಾರೂ ಬೇಡ ಅಂದಿರಲಿಲ್ಲ, ಯಾರೂ ಕುಡಿ ಅಂದಿರಲಿಲ್ಲ, ಅದು ಹಾಗೇ ನಡೆದುಕೊಂಡು ಬಂದಿತ್ತು. ಈಗ ಅವಳ ಮುಖದ ಮೇಲೆ ಏನು ಹಾದುಹೋಯಿತೋ ಅವಳಿಗೆ ಗೊತ್ತಿಲ್ಲ. ಶುಭಮ ಅದನ್ನು ನೋಡಿದ. ನಗು ಹಾಗೇ ಇತ್ತು, ಆದರೆ ಅವನು ಎರಡು ಹೆಜ್ಜೆ ಹಿಂದೆ ಸರಿದ.

"ತಪ್ಪ ತಿಳೀಬ್ಯಾಡ್ರಿ" ಎಂದಳು ದ್ರೌಪದಿ. ಯಾವುದನ್ನು ತಪ್ಪು ತಿಳಿಯಬಾರದು ಎಂದು ಅವಳಿಗೇ ಸ್ಪಷ್ಟವಿರಲಿಲ್ಲ.

"ಏನಿಲ್ಲ ಬಿಡ್ರಿ. ಮನೀಗಿ ಹೋಗಿ ಅವ್ವಗ ಹೇಳ್ತೀನಿ, ಭಾಳ ನಗ್ತಾಳ" ಎಂದು ಅವನು ಹಗ್ಗ ತೆಗೆದುಕೊಂಡು ಹೋದ.

ಹಿಂದಿರುಗುವಾಗ ದ್ರೌಪದಿಯ ಹಿಂದೆ ನಡೆದದ್ದು ಸಾಯಬಣ್ಣ. ಶುಭಮ ಸಾಲಿನ ಮುಂದಿದ್ದ. ತನಗೆ ಮುಜುಗರ ಆಗಬಾರದೆಂದು ಜಾಗ ಬದಲಿಸಿದನೋ, ಅವನಿಗೇ ಮುಜುಗರವಾಯಿತೋ ಎಂದು ಅವಳು ದಾರಿಯುದ್ದಕ್ಕೂ ಯೋಚಿಸಿದಳು. ಹಳ್ಳದಲ್ಲಿ ಕಾಂತೇಶ ಕಾಯುತ್ತ ನಿಂತಿದ್ದ. ಅವನು ಕೈ ಹಿಡಿದು ದಾಟಿಸಿದ. ಅವನ ಕೈಯೂ ಗಟ್ಟಿಯಾಗಿಯೇ ಇತ್ತು.

ಬಸ್ಸಿನಲ್ಲಿ ಕಾಂತೇಶ ತಾನಾಗಿ ಬಂದು ಅವಳ ಪಕ್ಕ ಕುಳಿತ. ಅವಳು ಬೆಳಿಗ್ಗೆ ಕೇಳಿದ ಪ್ರಶ್ನೆಗಳನ್ನೇ ಮತ್ತೆ ಕೇಳಿದಳು. ಉತ್ತರಗಳು ಗುರುಸಿದ್ಧ ಹೇಳಿದಂತೆಯೇ ಇದ್ದವು. ಅವಳು ಹೂಂ ಅನ್ನುತ್ತಿದ್ದಳು, ಆದರೆ ಯಾವುದೂ ಮನಸ್ಸಿನಲ್ಲಿ ಕೂರುತ್ತಿರಲಿಲ್ಲ. ತುಳಜಾಪುರ ದಾಟಿದ ಮೇಲೆ ಕಾಂತೇಶ ತಗ್ಗಿದ ದನಿಯಲ್ಲಿ ಹೇಳಿದ:

"ಅತ್ತಿ, ನಿಮ್ಮನ್ನ ಬಿಟ್ಟು ಮುಂದ ಹೋದದ್ದು ತಪ್ಪಾತು. ಶೀತಲ ಅವ್ರ ಸಂಗಾಟ ಏನ್ ಮಾತಾಡ್ಬೇಕು ಅನ್ನೂದ ರಾತ್ರಿಯೆಲ್ಲಾ ವಿಚಾರ ಮಾಡಿದ್ನಿ. ನಿಮ್ಮ ಸಂಗಾಟ ಏನ್ ಮಾತಾಡ್ಬೇಕು ಅನ್ನೂದು ನೆನಪಽ ಆಗಲಿಲ್ಲ."

ದ್ರೌಪದಿ ಮೊದಲ ಸಲ ಅವನ ಮುಖವನ್ನು ಸರಿಯಾಗಿ ನೋಡಿದಳು. ಇದೂ ಸುಳ್ಳು ಹೇಳುವ ಮುಖವಾಗಿರಲಿಲ್ಲ.

ಹೋಟಗಿಯ ಮನೆಯಲ್ಲಿ ಶಾಂತಲಿಂಗಪ್ಪ ಮಧ್ಯಾಹ್ನದಿಂದಲೇ ಬಂದು ಕುಳಿತಿದ್ದ. ಜೊತೆಗೆ ಗುರುಸಿದ್ಧನನ್ನೂ ಎಳೆದು ತಂದಿದ್ದ. ಬೈಸಿಕೊಂಡು ಬೈಸಿಕೊಂಡು ಗುರುಸಿದ್ಧನ ಮುಖ ಬಾಡಿತ್ತು. ದ್ರೌಪದಿ ಬೂಟು ಬಿಚ್ಚುತ್ತಲೇ ನಡೆದದ್ದೆಲ್ಲ ಹೇಳಿದಳು. ಸಿದ್ಧರಾಮ ಬಾಯಿಗೆ ಟವೆಲ್ ಹಿಡಿದು ನಗು ತಡೆದುಕೊಂಡ. ಅಣ್ಣ ನಗಲಿಲ್ಲ.

"ಹಂಗಾದ್ರ ನೀ ಬಂಗಾರ ಅಂದದ್ದು ಯಾರಿಗೆ?"

"ಶುಭಮ ಅಂತ. ಬನಸೋಡೆ."

ಸಿದ್ಧರಾಮ ಬಾಯಿಯ ಮೇಲಿನ ಟವೆಲ್ ಇಳಿಸಿದ.

"ರೊಟ್ಟಿನೂ ಕೂಡೇ ತಿಂದ್ರೇನು?" ಗುರುಸಿದ್ಧ ಮೆಲ್ಲಗೆ ಕೇಳಿದ.

"ತಿಂದ್ನಿ" ಎಂದಳು ದ್ರೌಪದಿ. ದನಿ ತಾನಂದುಕೊಂಡದ್ದಕ್ಕಿಂತ ಜೋರಾಗಿ ಬಂತು. "ಹಸಿವಿ ಆಗಿತ್ತು. ಅವನೂ ಹಸದಿದ್ದ. ಅದರಾಗ ಏನದ?"

"ಆತು, ಅದು ಇರಲಿ" ಎಂದ ಅಣ್ಣ. "ಕಾಂತೇಶ ಹ್ಯಾಂಗ ಅದಾನ, ಅದನ್ನ ಹೇಳು."

"ಅವನ್ನ ನಾ ನೋಡಿಲ್ಲಣ್ಣಾ. ಹೋಗೂದೆಲ್ಲಾ ಒಬ್ಬನ ಸಂಗಾಟ ಹೋಗಿ, ಬರೂದು ಒಬ್ಬನ ಸಂಗಾಟ ಬಂದೀನಿ. ಇವನನ್ನ ನೋಡಿದ್ರ ಅವನ ಮಾತು ನೆನಪಾಗ್ತಾವ. ನನ್ನ ಕೇಳಬ್ಯಾಡ. ಶೀತಲನ್ನ ಕೇಳು, ಆಕಿ ಎರಡು ತಾಸು ಮಾತಾಡ್ಯಾಳ."

ಶೀತಲ ಆ ದಿನ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಆಮೇಲೆ ಮೂರು ಸಲ ಸೊಲ್ಲಾಪುರದಲ್ಲಿ ತಾನೇ ಕಾಂತೇಶನನ್ನು ಭೆಟ್ಟಿಯಾದಳು. ದಸರೆಯ ಹೊತ್ತಿಗೆ ಅವ್ವನಿಗೆ ಫೋನ್ ಮಾಡಿ ಒಪ್ಪಿಗೆ ಹೇಳಿದಳು. ದೀಪಾವಳಿ ಮುಗಿದ ಮೇಲೆ ಅಕ್ಕಲಕೋಟೆಯಲ್ಲಿ ನಿಶ್ಚಿತಾರ್ಥವಾಯಿತು.

ಊಟದ ಪಂಕ್ತಿಯಲ್ಲಿ ಕಾಂತೇಶನ ತಾಯಿ ದ್ರೌಪದಿಯ ಪಕ್ಕ ಬಂದು ಕುಳಿತು, ಸಡಗರದಿಂದ ಕೇಳಿದಳು: "ನೀವು ಸ್ವತಃ ಕಾಡಿನಾಗ ನಡದು ನೋಡಿದವ್ರು. ಹೇಳ್ರಿ, ನಮ್ಮ ಹುಡುಗ ಹ್ಯಾಂಗ ಅನಿಸಿದ?"

"ಭಾಳ ಸಮಾಧಾನದ ಹುಡುಗ ಅದಾನ್ರಿ" ಎಂದು ದ್ರೌಪದಿ ತಟ್ಟನೆ ಹೇಳಿದಳು. "ಮುಂದಿನ ಕಲ್ಲು ಗಟ್ಟಿ ಅದನೋ ಇಲ್ಲೋ ತಾ ನೋಡಿ, ಆಮ್ಯಾಲ ನಮ್ಮನ್ನ ಕರೀತಾನ."

ತಾಯಿ ಹಿಗ್ಗಿ, ಆಚೆಯವರನ್ನು ಕರೆದು ಆ ಮಾತನ್ನು ಮತ್ತೊಮ್ಮೆ ಹೇಳಿದಳು. ದ್ರೌಪದಿ ಎಲೆಯ ಮೇಲಿನ ಹೋಳಿಗೆ ಮುರಿಯುತ್ತ ತಲೆ ತಗ್ಗಿಸಿದಳು. ಮಾತನ್ನು ತಿದ್ದಬೇಕೋ ಬಿಡಬೇಕೋ ಅವಳಿಗೆ ತಿಳಿಯಲಿಲ್ಲ. ಎದುರಿನ ಸಾಲಿನಲ್ಲಿ ಕಾಂತೇಶ ತುಪ್ಪದ ಪಾತ್ರೆ ಹಿಡಿದು ಬಗ್ಗಿ ಬಗ್ಗಿ ಬಡಿಸುತ್ತ ಅವಳ ಕಡೆಗೇ ಬರುತ್ತಿದ್ದ.